ನೂರಕ್ಕೊಂದು ಬಿಳಿ ಎಳೆ

ಮೂವತ್ತು ವರ್ಷಕ್ಕೂ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿದವಳು ನಾನು. ಕಲಿಯದೆ ಹೋದ ಮಕ್ಕಳ ಬಗ್ಗೆ ನನಗೆ ಅಂಥ ಸಂಕಟವೇನೂ ಇಲ್ಲ. ಏಳೆಂಟ್ಲೆ ಎಷ್ಟು ಎಂದು ಕೇಳಿದರೆ ಸೂರು ನೋಡುತ್ತ ನಿಲ್ಲುತ್ತಿದ್ದವರು ಈಗ ಹುನಗುಂದದಲ್ಲಿ ಅಂಗಡಿ ಇಟ್ಟಿದ್ದಾರೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ನನ್ನನ್ನು ಇಂದಿಗೂ ಹಿಂಡುವುದು ಕಲಿತ ಒಬ್ಬ ಹುಡುಗಿ. ಅವಳಿಗೆ ಕಲಿಸಲೇಬೇಕೆಂದು ಹಟ ಹಿಡಿದವಳೂ ನಾನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಹುಟ್ಟಿ ಬೆಳೆದದ್ದು ಬಾಗಲಕೋಟೆ. ಅಪ್ಪ ಕಚೇರಿಯಲ್ಲಿ ಕಾರಕೂನ. ನಮ್ಮ ಮನೆಯಲ್ಲಿ ಮಗ್ಗ ಇರಲಿಲ್ಲ, ನಮ್ಮ ಓಣಿಯಲ್ಲೂ ಇರಲಿಲ್ಲ. ಇಳಕಲ್ ಸೀರೆಯನ್ನು ಅವ್ವ ಉಟ್ಟದ್ದು ನೋಡಿದ್ದೆನೇ ಹೊರತು ಅದು ಹೇಗೆ ಆಗುತ್ತದೆ ಎಂಬ ಗಂಧ ಗಾಳಿಯೂ ಇಲ್ಲದವಳು. ಅಂಥವಳನ್ನು ತಂದು ಇಳಕಲ್ಲಿನ ನೇಕಾರರ ಓಣಿಯ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ನಾಲ್ಕು ಕೋಣೆ, ನೆಲಕ್ಕೆ ಕೆಂಪು ಕಲ್ಲಿನ ಹಾಸು, ಎರಡೂ ಮಗ್ಗುಲಿಗೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ಮನೆಗಳು. ಮಕ್ಕಳು ಮಗ್ಗಿ ಹೇಳುತ್ತಿದ್ದುದೂ ಆ ಮಗ್ಗಗಳ ಸಪ್ಪಳದ ತಾಳಕ್ಕೇ. ಮಗ್ಗ ನಿಂತರೆ ಇವರೂ ನಿಲ್ಲುತ್ತಿದ್ದರು, ನಾನು ಮೇಜು ಕುಟ್ಟಿ ಮತ್ತೆ ಹಚ್ಚಬೇಕಿತ್ತು.

ನಮ್ಮ ಹೆಡ್ ಮಾಸ್ತರು ಅದೇ ಊರಿನ ಹಳೆಯ ಮುಸಲ್ಮಾನ ಮನೆತನದವರು. ಅವರ ಹಿರಿಯರೆಲ್ಲ ನೂಲಿಗೆ ಬಣ್ಣ ಹಾಕುತ್ತಿದ್ದವರು. ಸಾಲಿ ಕಲಿತು ನೌಕರಿಗೆ ಸೇರಿದವರಲ್ಲಿ ಇವರೇ ಮೊದಲಿಗರು. ಅವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ಎರಡು ಸಲ ಚಹಾ ಬರಬೇಕಿತ್ತು. ನಾನು ಅವರನ್ನು ಆಲಸಿ ಎಂದುಕೊಂಡಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ತಿರುಗುವ ವಯಸ್ಸು ನನ್ನದು. ಸಮಾಧಾನದಿಂದಿರುವವರೆಲ್ಲ ಕೆಲಸಗಳ್ಳರಂತೆ ಕಾಣುತ್ತಿದ್ದರು.

ಒಂದನೆಯ ಇಯತ್ತೆಯಲ್ಲಿ ನಲವತ್ತು ಹುಡುಗಿಯರಿದ್ದರೆ ಏಳನೆಯದಕ್ಕೆ ಬರುವ ಹೊತ್ತಿಗೆ ಹನ್ನೊಂದು. ಉಳಿದವರೆಲ್ಲ ಎಲ್ಲಿ ಹೋದರು ಎಂದು ಕೇಳುವ ಅಗತ್ಯವಿರಲಿಲ್ಲ, ಅವರ ಮಗ್ಗಗಳ ಸಪ್ಪಳ ಕಿಟಕಿಯಿಂದಲೇ ಕೇಳುತ್ತಿತ್ತು. ಆ ಹನ್ನೊಂದರಲ್ಲಿ ಈ ಹುಡುಗಿ ಒಬ್ಬಳು. ಎತ್ತರದವಳು, ಎಣ್ಣೆ ಸುರಿಯುವ ಎರಡು ಹೆಣಲು, ಒಂದಕ್ಕೆ ಕೆಂಪು ರಿಬ್ಬನ್, ಇನ್ನೊಂದಕ್ಕೆ ಸಿಕ್ಕಿದ್ದು. ಕನ್ನಡ ಪಾಠವನ್ನು ಒಮ್ಮೆ ಓದಿದರೆ ಸಾಕು, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಳು. ಶುಕ್ರವಾರದ ಪೂಜೆಗೆ ಹಾಡು ಅವಳದೇ, ಚುರುಮರಿ ಹಂಚುವವಳೂ ಅವಳೇ. ಲೆಕ್ಕ ಮಾತ್ರ ಅವಳ ತಲೆಗೆ ಹತ್ತುತ್ತಿರಲಿಲ್ಲ. ಎಣಿಸುತ್ತ ಎಣಿಸುತ್ತ ಮೂವತ್ತರ ಹತ್ತಿರ ಬಂದಳೆಂದರೆ ಎಲ್ಲೋ ಕಳೆದುಹೋಗುತ್ತಿದ್ದಳು.

ದೀಪಾವಳಿ ರಜೆ ಮುಗಿದು ಎರಡನೆಯ ಸತ್ರ ಶುರುವಾದ ಕೂಡಲೆ ಹೆಡ್ ಮಾಸ್ತರು ಏಳನೆಯವರನ್ನೆಲ್ಲ ಐಹೊಳೆಗೆ ಕರೆದುಕೊಂಡು ಹೋದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆವು. ಒಂದು ಹಳೆಯ ಗುಡಿಯ ಕಂಬ ಎಣಿಸಿ ಬರ್ರಿ ಎಂದು ಹುಡುಗಿಯರನ್ನು ಕಳಿಸಿದೆ. ಹತ್ತು ಜನ ಒಂದೇ ಸಂಖ್ಯೆ ತಂದರು. ಇವಳು ಮೂರು ಸಲ ಹೋಗಿ ಮೂರು ಸಂಖ್ಯೆ ತಂದಳು. ಗೆಳತಿಯರೆಲ್ಲ ಬಿದ್ದು ಬಿದ್ದು ನಕ್ಕರು, ಇವಳೂ ನಕ್ಕಳು.

"ನಗ್ತೀಯಲ್ಲಲೇ, ಪರೀಕ್ಷೆದಾಗ ಏನ್ ಮಾಡ್ತೀ?" ಎಂದು ಗದರಿಸಿದೆ.

"ಕಂಬ ಒಂದ ಕಡೆ ನಿಂದ್ರಂಗಿಲ್ರಿ ಅಕ್ಕೋರೆ," ಎಂದಳು. ಮತ್ತೆ ನಗೆ.

ನನಗೆ ನಗು ಬರಲಿಲ್ಲ. ಏಕೆಂದರೆ ಅವಳ ಅಪ್ಪ ಹೇಳಿದ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಜೂನಿನಲ್ಲೇ ಶಾಲೆಗೆ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನಿಂತುಕೊಂಡೇ ಹೇಳಿದ್ದ. "ಅಕ್ಕೋರೆ, ಏಳನೇತ್ತಾ ಪಾಸ್ ಆದ್ಲಂದ್ರ ಹೈಸ್ಕೂಲಿಗೆ ಕಳಸ್ತೇನಿ. ನಾ ಮಾತು ಕೊಟ್ಟೇನಿ. ಒಂದ ವಿಷಯದಾಗ ನಪಾಸ್ ಆದ್ರೂ ಮುಗೀತು, ಮನಿ ಕೆಲಸಕ್ಕ ಕುಂಡ್ರಸ್ತೇನಿ. ಆಮ್ಯಾಲ ನೀವು ನನಗ ಏನೂ ಅನ್ನಂಗಿಲ್ಲ." ಆ ಓಣಿಯಲ್ಲಿ ಮಗಳ ಬಗ್ಗೆ ಇಷ್ಟು ಮಾತು ಕೊಟ್ಟ ಅಪ್ಪ ಅವನೊಬ್ಬನೇ. ಏಳನೆಯದಕ್ಕೆ ಆಗ ಪಬ್ಲಿಕ್ ಪರೀಕ್ಷೆ. ಕನ್ನಡದಲ್ಲಿ ಅವಳ ಚಿಂತೆ ಇರಲಿಲ್ಲ, ಉಳಿದವು ಹೇಗೋ ದಾಟುತ್ತಿದ್ದವು. ಲೆಕ್ಕದಲ್ಲಿ ಪಾಸಾದರೆ ಹುಡುಗಿ ಹೈಸ್ಕೂಲು, ಇಲ್ಲದಿದ್ದರೆ ಮಗ್ಗದ ಮನೆ. ಕೈಯಲ್ಲಿ ನಾಲ್ಕೂವರೆ ತಿಂಗಳಿತ್ತು.

ಐಹೊಳೆಯಿಂದ ಬಂದ ಮರುದಿನವೇ ಸಂಜೆ ಅವಳ ಮನೆಗೆ ಹೋದೆ. ನಡುಮನೆಯಲ್ಲಿ ಮಗ್ಗ, ಅದರ ಮುಂದೆ ಅವಳ ಅವ್ವ ಕುಳಿತು ಎರಡು ಹಾಸುಗಳನ್ನು, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲುಗಳನ್ನು, ಜೋಡಿಸುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಒಡಲಿನ ಒಂದೊಂದು ಎಳೆಯ ತುದಿಗೂ ಸೆರಗಿನ ಕೆಂಪು ಎಳೆಯೊಂದನ್ನು ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಕೊನೆಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಬಿಚ್ಚಿ ಮೊದಲಿಂದ ಹಚ್ಚಬೇಕು. ನಡುವೆ ಕೈ ಬದಲಾಯಿಸುವಂತಿಲ್ಲ, ಒಬ್ಬೊಬ್ಬರ ಬಿಗಿ ಒಂದೊಂದು ಥರ, ಸೆರಗು ಸೊಟ್ಟಗಾಗುತ್ತದೆ. ಅದಕ್ಕೆ ಶುರು ಮಾಡಿದವರೇ ಮುಗಿಸಬೇಕು, ಅದೂ ಒಂದೇ ಪಟ್ಟಿಗೆ; ಅರ್ಧಕ್ಕೆ ಬಿಟ್ಟು ಎದ್ದು ಹೋದರೆ ಹಾಸು ಸಡಿಲಾಗಿ ಕಟ್ಟಿದ ಕುಣಿಕೆಗಳೆಲ್ಲ ಜಾರುತ್ತವೆ. ಆ ಅವ್ವ ಎಳೆಯನ್ನು ಕಣ್ಣಿನ ಹತ್ತಿರ ಹತ್ತಿರ ತಂದು ನೋಡುತ್ತಿದ್ದಳು. "ಎಳಿ ಎರಡೆರಡು ಕಾಣ್ತಾವ್ರಿ ಈಗೀಗ," ಎಂದಳು. "ಯಾವುದನ್ನ ಹಿಡೀಬೇಕು ತಿಳಿಯಂಗಿಲ್ಲ. ಹೋದ ವಾರ ಎರಡ ಸಲ ಬಿಚ್ಚಿದೆ." ನಾನು ದವಾಖಾನೆಗೆ ತೋರಿಸಿರಿ ಎಂದು ಹೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟೆ. ನನ್ನ ಲಕ್ಷ್ಯವೆಲ್ಲ ಹುಡುಗಿಯ ಮೇಲೆ.

ಅವಳು ಅವ್ವನ ಪಕ್ಕ ಕುಳಿತು ಎಳೆ ಎತ್ತಿಕೊಡುತ್ತಿದ್ದಳು. ಬೆರಳು ಎಷ್ಟು ಚುರುಕಾಗಿದ್ದವೆಂದರೆ, ಪಾಟಿಯ ಮೇಲೆ ತಡವರಿಸುವ ಬೆರಳು ಇವೇ ಏನು ಎಂದು ನಾನು ಬೆಪ್ಪಾದೆ. ಆಗ ನನಗೆ ಹೊಳೆಯಿತು. ಹೊಳೆದಾಗ ಎಷ್ಟು ಖುಷಿಯಾಯಿತೆಂದರೆ, ಅವಳ ಅವ್ವ ಕೊಟ್ಟ ಚಹಾ ಆರಿದ್ದೂ ಗೊತ್ತಾಗಲಿಲ್ಲ. ಕಂಬ ನಿಲ್ಲದಿದ್ದರೆ ಬೇಡ, ಎಳೆ ನಿಲ್ಲುತ್ತದಲ್ಲ. ಲೆಕ್ಕವನ್ನು ಇವಳಿಗೆ ಇಲ್ಲೇ ಕಲಿಸಬೇಕು.

ಅಂದಿನಿಂದ ವಾರದಲ್ಲಿ ನಾಲ್ಕು ಸಂಜೆ ಅವರ ನಡುಮನೆಯೇ ನನ್ನ ಶಾಲೆ. ಹತ್ತು ಕುಣಿಕೆಗೆ ಒಮ್ಮೆ ಬೆರಳು ಚಟಕ್ಕೆನಿಸಿ ಬಿಡುವುದು. ಹತ್ತು ಹತ್ತು ಸೇರಿ ನೂರಾದರೆ ಅಲ್ಲೊಂದು ಬಿಳಿ ನೂಲಿನ ಎಳೆ ಕಟ್ಟುವುದು. ಕೆಲಸ ಮುಗಿದ ಮೇಲೆ ಬಿಳಿ ಎಳೆಗಳನ್ನು ಕಿತ್ತುಹಾಕಿದರಾಯಿತು. ಉಳಿದರೆ ಸೀರೆಗೆ ಐಬು, ವ್ಯಾಪಾರಿ ತಿರುಗಿ ಕಳಿಸುತ್ತಾನೆ. ಬಿಳಿ ಎಳೆ ನೋಡಿ ಅವಳು ಕೂಡಿಸುವುದು ಕಲಿತಳು, ಕಳೆಯುವುದು ಕಲಿತಳು. ಇಷ್ಟು ನೂರು ಆಗಿದೆ, ಇನ್ನೆಷ್ಟು ಉಳಿದಿದೆ? ಒಂದು ತಾಸಿಗೆ ಇಷ್ಟಾದರೆ ಪೂರ್ತಿ ಸೆರಗಿಗೆ ಎಷ್ಟು ತಾಸು? ಪುಸ್ತಕದಲ್ಲಿ ಅವಳನ್ನು ಅಳಿಸುತ್ತಿದ್ದ ಲೆಕ್ಕಗಳೇ ಅವು.

ಇನ್ನೊಂದು ಕಟ್ಟುಪಾಡನ್ನೂ ಹಾಕಿದೆ. ಅವಳ ರೋಗದ ಮೂಲ ಅಲ್ಲಿತ್ತು. ಎಣಿಸುವಾಗ ಯಾರು ಕರೆದರೂ ಓ ಎನ್ನುವ ಹುಡುಗಿ. "ನೂರಾಗೂ ತನಕ ಯಾರು ಕರದ್ರೂ ತಲಿ ಎತ್ತಬ್ಯಾಡ," ಎಂದೆ. "ಬಿಳಿ ಎಳಿ ಕಟ್ಟಿದ ಮ್ಯಾಲ ಮಾತಾಡು."

"ನೀವು ಕರದ್ರರಿ?"

"ನಾ ಕರದ್ರೂ ಅಷ್ಟ."

ಪರೀಕ್ಷಿಸಲು ನಾನೇ ಹಿಂದಿನಿಂದ ಕರೆಯುತ್ತಿದ್ದೆ, ಹಾವು ಬಂತು ಎನ್ನುತ್ತಿದ್ದೆ, ಬೆಲ್ಲ ಕೊಡುತ್ತೇನೆ ಎನ್ನುತ್ತಿದ್ದೆ. ಮೊದಮೊದಲು ತಿರುಗಿ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಡಿಸೆಂಬರ್ ಮುಗಿಯುವಷ್ಟರಲ್ಲಿ ಕಲ್ಲಾಗಿಬಿಟ್ಟಳು. ಬಿಳಿ ಎಳೆ ಕಟ್ಟಿ, ತಲೆ ಎತ್ತಿ, "ಈಗ ಹೇಳ್ರಿ," ಎನ್ನುವಳು. ಅವಳ ಅವ್ವ ನಗುತ್ತಿದ್ದಳು. ಅಪ್ಪನೂ ಮಗ್ಗದ ಕುಣಿಯಲ್ಲಿ ಕುಳಿತು ನೋಡುತ್ತಿದ್ದ. ಅವನು ಏನನ್ನು ನೋಡುತ್ತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ.

ಹೆಡ್ ಮಾಸ್ತರಿಗೆ ಹೊಳೆದಿತ್ತು. ಒಂದು ದಿನ ಮಕ್ಕಳು ಸಾಲಾಗಿ ಕುಳಿತು ಹಳದಿ ಉಪ್ಪಿಟ್ಟು ತಿನ್ನುವಾಗ ನನ್ನ ಹತ್ತಿರ ಬಂದು ನಿಂತರು. "ಅಕ್ಕೋರೆ, ಸಾಲ್ಯಾಗ ಏನ್ ಬೇಕಾದ್ದು ಕಲಸ್ರಿ. ಮಗ್ಗದ ಮುಂದ ಕುಂತು ಕಲಸಬ್ಯಾಡ್ರಿ."

"ಯಾಕ್ರಿ ಸರ್? ಹುಡುಗಿ ಕಲೀಲಿಕ್ಕೆ ಹತ್ಯಾಳ."

"ಅದಕ್ಕ ಹೇಳ್ತೇನಿ. ನಾ ಇದ ಊರಾಗ ಹುಟ್ಟಿದಾಂವ. ಇಲ್ಲೆ ಎಣಿಕಿ ತಪ್ಪದ ಕೈ ಸಿಕ್ಕರ ಯಾರೂ ಬಿಡಂಗಿಲ್ಲ."

ನಾನು ಏನೆಂದುಕೊಂಡೆ ಗೊತ್ತೆ? ನನ್ನ ಮೇಲೆ ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಇಷ್ಟು ವರ್ಷ ಇವರಿಂದ ಆಗದ್ದನ್ನು ನಿನ್ನೆ ಮೊನ್ನೆ ಬಂದವಳು ಮಾಡಿದಳಲ್ಲ ಎಂದು. ಈಗ ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತವೆ.

ಜನವರಿ ಕೊನೆಯ ಚಾಚಣಿ ಪರೀಕ್ಷೆಯಲ್ಲಿ ಅವಳು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಉತ್ತರ ಪತ್ರಿಕೆ ಹಿಡಿದುಕೊಂಡು ನಾನೇ ಓಣಿಯಲ್ಲಿ ಓಡಿದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾಳ ಚಲೋ ಆತ್ರಿ," ಎಂದ. ಮುಂದಿನ ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ.

ಮದುವೆಯ ಹಂಗಾಮು ಶುರುವಾಗಿತ್ತು. ಇಳಕಲ್ಲಿನಲ್ಲಿ ಫೆಬ್ರವರಿಯಿಂದ ಮೇ ತನಕ ಯಾರಿಗೂ ಉಸಿರಾಡಲು ಬಿಡುವಿಲ್ಲ, ಮಕ್ಕಳ ಪರೀಕ್ಷೆಗಳು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ನಾನು ಮನೆಗೆ ಹೋದಾಗ ಅವ್ವನ ಜಾಗದಲ್ಲಿ ಮಗಳು ಕುಳಿತಿದ್ದಳು. ಅವ್ವ ಗೋಡೆಗೊರಗಿ ಕೈ ಕಟ್ಟಿಕೊಂಡಿದ್ದಳು. ದವಾಖಾನೆಯಲ್ಲಿ ಪೊರೆ ಬಂದಿದೆ, ಬಲಿಯಲಿ, ಆಮೇಲೆ ನೋಡೋಣ ಎಂದು ಕಳಿಸಿದ್ದರಂತೆ. "ನನ್ನ ಕಣ್ಣ ಹ್ವಾದುವ್ರಿ ಅಕ್ಕೋರೆ," ಎಂದಳು, ತಪ್ಪು ತನ್ನದೇ ಎನ್ನುವಂತೆ.

ಅಪ್ಪನ ಮೇಲೆ ಹರಿಹಾಯ್ದೆ. ಮಾತು ಕೊಟ್ಟಿದ್ದಿರಲ್ಲ ಎಂದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಮಾತಿಗೆ ತಪ್ಪಂಗಿಲ್ರಿ. ಪರೀಕ್ಷೆಕ್ಕ ಕಳಸ್ತೇನಿ, ಖರೆ. ಅಲ್ಲಿ ತನಕ ಮನ್ಯಾಗ ಇರ್ಲಿ. ನೀವ ಕಲಿಸಿದ್ರಿ, ಒಂದ ಎಳಿ ತಪ್ಪಂಗಿಲ್ಲ. ಅಕಿ ಬಿಟ್ರ ನನಗ ಯಾರ ಅದಾರ?"

ಹೆಡ್ ಮಾಸ್ತರನ್ನು ಕರೆತಂದೆ. ಅವರು ಚಹಾ ಕುಡಿದು, ಮಗ್ಗ ನೋಡಿ, ಕುರುಡಿಯಾಗುತ್ತಿದ್ದ ಹೆಂಗಸನ್ನು ನೋಡಿ, ಪರೀಕ್ಷೆಗೆ ಮಾತ್ರ ಕಳಿಸಿರಿ ಎಂದು ಕೈ ಮುಗಿದು ಬಂದರು. ನಾ ಹೇಳಿದ್ದೆನಲ್ಲ ಎಂದು ಅವರು ದಾರಿಯಲ್ಲಿ ಒಂದು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಹಾಗಾಗಿ ಆ ಎರಡು ತಿಂಗಳು ದಿನಾ ಬೆಳಗ್ಗೆ ಅವಳ ಹೆಸರು ಕೂಗಿ, ಯಾರೂ ಓ ಎನ್ನದಿದ್ದರೂ ಹಾಜರಿ ಹಾಕಿದೆ. ಹತ್ತೂ ಹುಡುಗಿಯರು ನೆಲ ನೋಡುತ್ತಿದ್ದರು. ಹೆಡ್ ಮಾಸ್ತರು ತಿಂಗಳ ಕೊನೆಗೆ ಹಾಜರಿ ಪುಸ್ತಕಕ್ಕೆ ಸಹಿ ಮಾಡುವಾಗ ಆ ಸಾಲಿನ ಮೇಲೆ ಒಂದು ಕ್ಷಣ ಬೆರಳಿಟ್ಟು, ಆಮೇಲೆ ಸಹಿ ಹಾಕಿದರು.

ಪರೀಕ್ಷೆ ಬಂತು. ಅಪ್ಪ ಮಾತು ಉಳಿಸಿಕೊಂಡ. ಮೊದಲ ದಿನ ಕನ್ನಡ, ಹುಡುಗಿ ಎರಡೂ ಹೆಣಲಿಗೆ ಹೊಸ ರಿಬ್ಬನ್ ಕಟ್ಟಿಕೊಂಡು ಬಂದು ಬರೆದಳು. ಮತ್ತೆರಡು ವಿಷಯವನ್ನೂ ಬರೆದಳು. ನಾಲ್ಕನೆಯ ದಿನ ಲೆಕ್ಕ, ಹತ್ತೂವರೆಗೆ. ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ನಾನು ಹತ್ತಕ್ಕೇ ನಿಂತಿದ್ದೆ. ಹತ್ತು ಹುಡುಗಿಯರು ಒಳಗೆ ಹೋದರು. ಹತ್ತೂಕಾಲಾದರೂ ಇವಳ ಸುಳಿವಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು ಪೇಟೆಯೊಳಗಿಂದಲೇ ಓಡಿದೆ.

ಮನೆಯಲ್ಲಿ ಅಪ್ಪ ಇರಲಿಲ್ಲ. ಮದುವೆಯವರ ಮನೆಗೆ ಅಂದೇ ಹೋಗಬೇಕಾದ ಸೀರೆಗೆ ಇನ್ನೊಂದು ದಿನ ಅವಕಾಶ ಬೇಡಲು ವ್ಯಾಪಾರಿಯ ಹತ್ತಿರ ಹೋಗಿದ್ದನಂತೆ. "ಬೆಳಕು ಹರಿಯೂದ್ರಾಗ ಹಚ್ಯಾಳ್ರಿ, ಹತ್ತರ ಒಳಗ ಮುಗಸ್ತೇನಿ ಅಂದಿದ್ಲು," ಎಂದು ಅವ್ವ ನನ್ನ ದನಿ ಬಂದ ಕಡೆ ಮುಖ ಮಾಡಿ ಹೇಳಿದಳು. ಹುಡುಗಿ ಪರೀಕ್ಷೆಯ ಲಂಗ ದಾವಣಿ ಉಟ್ಟುಕೊಂಡೇ ಹಾಸಿನ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಪೆನ್ನು, ಹಾಲ್ ಟಿಕೆಟ್ಟು.

ಹೆಸರು ಹಿಡಿದು ಕರೆದೆ. ತಲೆ ಎತ್ತಲಿಲ್ಲ. ಮತ್ತೆ ಕರೆದೆ. ತುಟಿ ಅಲ್ಲಾಡುತ್ತಿದ್ದವು, ಬೆರಳು ಓಡುತ್ತಿದ್ದವು, ಹತ್ತಕ್ಕೊಮ್ಮೆ ಚಟಕ್ ಎನ್ನುತ್ತಿದ್ದವು. ನಾ ಕರದ್ರೂ ಅಷ್ಟ ಎಂದು ಹೇಳಿಕೊಟ್ಟವಳು ನಾನೇ ಅಲ್ಲವೆ? ಕೈ ಹಿಡಿದು ಎಳೆಯಬಹುದಿತ್ತು. ಎಳೆದರೆ ಎಣಿಕೆ ಹೋಗುತ್ತದೆ, ಮುಂಜಾನೆಯಿಂದ ಮಾಡಿದ್ದೆಲ್ಲ ಹೋಗುತ್ತದೆ, ಸೀರೆ ಹೋಗುತ್ತದೆ. ಕೂಡಿಸಲು ಆ ಮನೆಯಲ್ಲಿ ಇನ್ನೊಂದು ಜೋಡಿ ಕಣ್ಣಿಲ್ಲ. ನಾನು ನನ್ನ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ. ಜೀವನದಲ್ಲಿ ಅಷ್ಟು ಕೈಲಾಗದವಳಾಗಿ ನಾನು ಎಂದೂ ನಿಂತಿಲ್ಲ.

ಕೊನೆಗೆ ಬಿಳಿ ಎಳೆ ಕಟ್ಟಿ ತಲೆ ಎತ್ತಿದಳು. "ಇನ್ನ ನಾಕ ನೂರು ಅದಾವ್ರಿ ಅಕ್ಕೋರೆ. ಗಂಟಿ ಆತೇನ್ರಿ?"

ಗಂಟೆ ಆಗಿ ಹತ್ತು ನಿಮಿಷವಾಗಿತ್ತು. ಅರ್ಧ ತಾಸಿನ ಮೇಲೆ ಒಳಗೆ ಬಿಡುವುದಿಲ್ಲ. ನಾಲ್ಕು ನೂರಕ್ಕೆ ಎಷ್ಟು ಹೊತ್ತು ಬೇಕೆಂಬ ಲೆಕ್ಕ ಇಬ್ಬರಿಗೂ ಗೊತ್ತಿತ್ತು, ನಾವಿಬ್ಬರೂ ಕೂಡಿಯೇ ಮಾಡಿದ ಲೆಕ್ಕ ಅದು.

"ಆತವಾ," ಎಂದೆ.

ಅವಳು ಹಾಲ್ ಟಿಕೆಟ್ಟಿನ ಕಡೆ ಒಮ್ಮೆ ನೋಡಿದಳು. "ಹಂಗಾರ ಇದನ್ನ ಮುಗಸ್ತೇನ್ರಿ," ಎಂದು ಮತ್ತೆ ಬಗ್ಗಿದಳು.

ಫಲಿತಾಂಶದ ಹಾಳೆ ಬಂದಾಗ ಕನ್ನಡದಲ್ಲಿ ಅವಳದೇ ಮೊದಲು. ಲೆಕ್ಕದ ಮುಂದೆ ಗೈರುಹಾಜರಿ, ಕೊನೆಗೆ ನಪಾಸು. ಆ ಓಣಿಯಲ್ಲಿ ಸಾವಿರಗಟ್ಟಲೆ ಎಳೆಯನ್ನು ತಪ್ಪಿಲ್ಲದೆ ಎಣಿಸುವ ಹುಡುಗಿ ಲೆಕ್ಕದಲ್ಲಿ ನಪಾಸು. ಅಪ್ಪ ನನ್ನ ಮುಖ ನೋಡಲಾರದೆ, "ಮುಂದಿನ ಸಲ ಕಟ್ಟಸೋಣ್ರಿ," ಎಂದ. ಅಕ್ಟೋಬರಿನ ಪರೀಕ್ಷೆಗೆ ಅರ್ಜಿ ನಾನೇ ತುಂಬಿದೆ. ಅವಳು ಬರಲಿಲ್ಲ. ಮರುವರ್ಷವೂ ತುಂಬಿದೆ. ಆಮೇಲೆ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಸುತ್ತು ಹಾಕಿ ಶಾಲೆಗೆ ಹೋಗತೊಡಗಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೋಗಿ ಏನು ಮಾಡಲಿ? ಬೇರೆ ಮಕ್ಕಳಿಗೆ ಲೆಕ್ಕ ಕಲಿಸುವಾಗಲೂ ದನಿ ತಗ್ಗುತ್ತಿತ್ತು. ಕಿಟಕಿಯಾಚೆ ಯಾರಾದರೂ ಕೇಳಿಸಿಕೊಂಡಾರು ಎಂಬ ಹೆದರಿಕೆ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಬಾದಾಮಿ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಬೀಳ್ಕೊಡುವ ದಿನ ಓಣಿಯ ಜನ ಬಂದರು, ಚುರುಮರಿ ಹಂಚಿದರು, ಹಾರ ಹಾಕಿದರು. ಅವಳ ಅಪ್ಪ ಬಂದಿದ್ದ, ಅವಳು ಬಂದಿರಲಿಲ್ಲ. ಹೆಡ್ ಮಾಸ್ತರು ಕಾಗದದಲ್ಲಿ ಸುತ್ತಿದ ಸೀರೆಯನ್ನು ಕೈಗಿಟ್ಟು, "ಓಣ್ಯಾವ್ರೆಲ್ಲ ಕೂಡಿ ನೇಯಿಸ್ಯಾರ್ರಿ. ಯಾರ ಮನ್ಯಾಗ ಅಂತ ಕೇಳಬ್ಯಾಡ್ರಿ," ಎಂದರು. ನಾನು ಕೇಳಲಿಲ್ಲ.

ಆ ಹಳ್ಳಿಗೆ ಹೋದ ಮೊದಲ ಭಾನುವಾರ ಮಧ್ಯಾಹ್ನ ಸೀರೆ ಬಿಚ್ಚಿದೆ. ಗಾಢ ನೀಲಿ ಒಡಲು, ಕೆಂಪು ಸೆರಗು. ಸೆರಗು ಮಡಚಲು ತಿರುವಿ ಹಾಕಿದಾಗ, ಒಡಲೂ ಸೆರಗೂ ಕೂಡುವ ಗೆರೆಯ ಉದ್ದಕ್ಕೂ ಹಿಂಬದಿಯಲ್ಲಿ ಸಣ್ಣ ಸಣ್ಣ ಬಿಳಿ ಎಳೆ ಕಂಡವು. ಕಿತ್ತುಹಾಕುವುದನ್ನು ಮರೆಯುವ ಹುಡುಗಿ ಅವಳಲ್ಲ. ಕಿಟಕಿಯ ಬೆಳಕಿಗೆ ಕುಳಿತು, ಒಂದು ಬಿಳಿ ಎಳೆಯಿಂದ ಇನ್ನೊಂದರವರೆಗಿನ ಕುಣಿಕೆಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎಣಿಸಿದೆ. ಬಾಗಿಲಲ್ಲಿ ಯಾರೋ ಕರೆದರು, ನಾನು ತಲೆ ಎತ್ತಲಿಲ್ಲ. ಒಂದು ಕಡೆಯಾದರೂ ತೊಂಬತ್ತೊಂಬತ್ತು ಬರಲಿ, ಒಂದು ಕಡೆಯಾದರೂ ಈ ಹುಡುಗಿ ನಾನು ಕಲಿಸಿದ್ದನ್ನು ಮರೆತಿರಲಿ ಎಂದು ಬೇಡಿಕೊಳ್ಳುತ್ತ ಸಂಜೆಯವರೆಗೆ ಎಣಿಸಿದೆ. ಎಲ್ಲವೂ ಸರಿಯಾಗಿ ನೂರು ಇದ್ದವು.